ಹೊಡೆದರು

ಹೊಡೆದ. ಹೊಡೆದ. ಹೊಡೆದ. ಬಚ್ಚಲಲ್ಲಿ ಕುಳಿತು ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದ ಅಮಿತ ಒಂದೊಂದು ಚರಿಗೆ ನೀರಿಗೂ ಒಂದೊಂದು ಸಲ ಆ ಮಾತನ್ನು ಅಂದುಕೊಳ್ಳುತ್ತಿದ್ದ. ನೀರು ಸುರಿಯುವಾಗ ಅದು ಸಲೀಸಾಗಿ ಬರುತ್ತಿತ್ತು. ಚರಿಗೆ ಕೆಳಗಿಟ್ಟು, ಸದ್ದು ನಿಂತ ಮೇಲೆ, ಗಂಟಲು ಸರಿಮಾಡಿಕೊಂಡು ಹೆಸರು ಸೇರಿಸಿ ಹೇಳಲು ಹೋದರೆ ಮಾತ್ರ ನಾಲಿಗೆ ಮೊಂಡು ಹಿಡಿಯುತ್ತಿತ್ತು. 'ಗುರಲಿಂಗಪ್ಪ' ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಆಮೇಲೆ 'ಮಾಮಾ' ಅನ್ನುವುದೊಂದು ಬರಬೇಕು, ಅದರ ಹಿಂದಿನಿಂದ 'ಹೊಡದ್ರು' ಬರಬೇಕು, ಅವೆರಡೂ ಬಾರದೆ ತಾನು ಮುಂದಕ್ಕೆ ಹೋಗಲಾರೆ ಎನ್ನುವ ಹಾಗೆ. ಹದಿನೆಂಟು ತುಂಬಿದವನು, ಇಂಡಿಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ಓದುವವನು, ಕನ್ನಡ ವ್ಯಾಕರಣದಲ್ಲಿ ವರ್ಗಕ್ಕೇ ಮೊದಲಿಗ, ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಏಕವಚನ ಕಲಿಯುತ್ತಿದ್ದ. ನಗು ಬರಬೇಕಾದ ಸಂಗತಿಯೇ. ಹೊರಗೆ ಅವ್ವ ಕೆಮ್ಮಿದಳು. ಅವನು ಇನ್ನೊಂದು ಚರಿಗೆ ನೀರು ಸುರಿದುಕೊಂಡ.

ಅವತ್ತು ವಿಜಯದಶಮಿ. ಸಂಜೆಗೆ ಊರವರೆಲ್ಲ ಸೀಮೆಯ ಬನ್ನಿಗಿಡಕ್ಕೆ ಹೋಗಿ ಎಲೆ ಕಿತ್ತು ತಂದು, ಮನೆಮನೆಗೆ ತಿರುಗಿ, ಹಿರಿಯರ ಕೈಗೆ ಕೊಟ್ಟು ಕಾಲು ಮುಟ್ಟಿ, ಬಂಗಾರದ ಹಾಗೆ ಇರೋಣ ಎಂದು ಹೇಳುವ ದಿನ. ಮೂರು ವರ್ಷದಿಂದ ಅವರ ಮನೆಯಿಂದ ಯಾರೂ ಬನ್ನಿ ಕೊಡಲು ಹೋಗಿರಲಿಲ್ಲ. ಈ ಸಲ ಹೋಗಬೇಕು ಎಂದು ಅವ್ವ ನಿನ್ನೆಯೇ ಹೇಳಿದ್ದಳು. ಹೇಳಿದ್ದು ಖಂಡೆಪೂಜೆಯ ಮುಂದೆ ಕೂತು. ಕುಡುಗೋಲು, ಕೊಡ್ಲಿ, ಈಳಿಗೆ, ಅಪ್ಪ ಬಿಟ್ಟುಹೋದ ಬಡಿಗತನದ ಉಳಿಗಳು, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ದಳು. ಅಮಿತ ಊದುಬತ್ತಿ ಹಚ್ಚಲು ಬಗ್ಗಿದಾಗ ಉಳಿಗಳ ಪಕ್ಕದಲ್ಲಿ ಅದು ಕಂಡಿತು. ಸತ್ತ ಅಣ್ಣನ ಕಂಟ್ರಿ ಪಿಸ್ತೂಲು. ಪೊಲೀಸರು ಎರಡು ಸಲ ಮನೆ ಜಾಲಾಡಿದಾಗ ಸಿಗದಿದ್ದದ್ದು, ಅಮಿತನಿಗೂ ಎಲ್ಲಿದೆಯೆಂದು ಗೊತ್ತಿರದಿದ್ದದ್ದು, ಈಗ ಎಣ್ಣೆ ಒರೆಸಿಕೊಂಡು, ಹಣೆಯ ಮೇಲೆ ಬೊಟ್ಟಿಟ್ಟುಕೊಂಡು, ಚೆಂಡುಹೂವಿನ ಒಂದು ಎಸಳು ಹೊತ್ತು ಮಲಗಿತ್ತು. ಅವನು ಊದುಬತ್ತಿಯನ್ನು ಎಲ್ಲಕ್ಕೂ ಬೆಳಗಿದ. ಅದಕ್ಕೂ ಬೆಳಗಿದ. ಬೆಳಗದೆ ಬಿಡುವ ಧೈರ್ಯ ಅವನಿಗಿರಲಿಲ್ಲ.

"ನಾಳಿ ಬನ್ನಿ ಕೊಡಾಕ ಹೋಗು," ಅಂದಿದ್ದಳು ಅವ್ವ. "ಮೊದಲ ಅವನ ಮನಿಗಿ ಹೋಗು."

"ಯಾರ ಮನಿಗಿ ಅವ್ವಾ?"

ಅವ್ವ ಸುಮಿತ್ರಾಬಾಯಿ ಎದ್ದು ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ ಸದ್ದು ಕೇಳಿಸಿತು. ಮೂರು ವರ್ಷದಲ್ಲಿ ಅವಳು ಆ ಹೆಸರನ್ನು ಒಮ್ಮೆಯೂ ಬಾಯಿಂದ ತೆಗೆದಿರಲಿಲ್ಲ. 'ಅವ' ಎಂದರೆ ಮನೆಯಲ್ಲಿ ಒಬ್ಬನೇ. ಅವಳಿಗೆ ಅದು ಎಷ್ಟು ಸುಲಭ ಎಂದು ಅಮಿತನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅಣ್ಣನ ಕೊಲೆಯ ಕೇಸಿನಲ್ಲಿ ಅಮಿತ ಸಾಕ್ಷಿ ಹೇಳಿದ ದಿನ ಕೋರ್ಟಿನಲ್ಲಿ ಸೆಕೆ ಇತ್ತು. ವಿಜಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅವ್ವ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ್ದಳು, ಕಂಡದ್ದನ್ನ ಹೇಳು, ಕಂಡದ್ದನ್ನ ಹೇಳು ಅಂತ. ಕಂಡದ್ದನ್ನೇ ಹೇಳಿದ. ಮಾಮಾರು ಬಂದ್ರು ರಿ, ಟಾವೆಲ್ಲಿನ್ಯಾಗಿಂದ ಪಿಸ್ತೂಲ್ ತಗದ್ರು ರಿ, ಅಣ್ಣಗ ಹೊಡದ್ರು ರಿ. ಸರಕಾರಿ ವಕೀಲರು ತಲೆಯಾಡಿಸಿ ಕೂತರು. ಆಮೇಲೆ ಆ ಕಡೆಯ ವಕೀಲರು ಎದ್ದರು. ತೆಳ್ಳಗಿನ, ಕನ್ನಡಕದ, ಸಾಲಿಮಾಸ್ತರರ ಹಾಗೆ ಕಾಣುವ ಮನುಷ್ಯ, ಮಾತಿನಲ್ಲಿ ಬೆಣ್ಣೆ. "ಹೊಡದ್ರು ಅಂದ್ರ ಎಷ್ಟು ಮಂದಿ ಹೊಡದ್ರು ತಮ್ಮಾ?" ಅಂದರು. ಒಬ್ರ ರಿ, ಅಂದ. "ಒಬ್ಬ ಇದ್ದಿದ್ರ ಹೊಡದ ಅನ್ನತಿದ್ದಿ. ಪೊಲೀಸರ ಮುಂದನೂ ಅವರು ಬಂದ್ರು, ಅವರು ಹೊಡದ್ರು ಅಂತ ಬರಸೀದಿ. ಅವರು ಅಂದ್ರ ಯಾರ್ಯಾರು?" ಮಾಮಾರು ರಿ, ಅಂದ. "ಯಾವ ಮಾಮಾ? ನಿನಗ ಊರಾಗ ಎಷ್ಟು ಮಂದಿ ಮಾಮಾ ಅದಾರ?" ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ಕಲಿತವನು ಅಮಿತ, ನಿಜವಾಗಿಯೂ ಎಣಿಸತೊಡಗಿದ. ಕೋರ್ಟು ನಕ್ಕಿತು. ನ್ಯಾಯಾಧೀಶರು ಪೆನ್ನು ಎತ್ತಿ ಹಿಡಿದು, "ಹೆಸರು ಹೇಳಪ್ಪಾ, ಬರೀ ಹೆಸರು, ಅವನು ಹೊಡೆದ ಅಂತ ಹೇಳು ಸಾಕು," ಎಂದು ಕನಿಕರದಿಂದಲೇ ಕೇಳಿದರು. ಅವನು ಕಟಕಟೆಯತ್ತ ನೋಡಿದ. ಗುರಲಿಂಗಪ್ಪ ಮಾಮಾ ಅವನನ್ನೇ ನೋಡುತ್ತ ನಿಂತಿದ್ದರು. ಬಾವಿಯಲ್ಲಿ ಈಜು ಕಲಿಸುವಾಗ ಸೊಂಟದ ಕೆಳಗೆ ಅಂಗೈ ಕೊಟ್ಟು, ಬಿಡ್ಲೇನೋ, ಬಿಡ್ಲೇನೋ ಎಂದು ನಗುತ್ತಿದ್ದರಲ್ಲ, ಅದೇ ಮುಖ. ಬಾಯಿ ತೆರೆದ. "ಗುರಲಿಂಗಪ್ಪ ಮಾಮಾರು ರಿ," ಅಂದ. "ಅವ್ರ ಹೊಡದ್ರು."

"ಸ್ವಂತ ಅಣ್ಣನ್ನ ಕೊಂದಾಂವಗ ಯಾರರ ಬಹುವಚನ ಕೊಡ್ತಾರೇನ್ರಿ ಸಾಹೇಬ್ರ?" ಎಂದು ಆ ವಕೀಲರು ಕೈ ಚೆಲ್ಲಿದರು. "ಹುಡುಗಗ ಯಾರೋ ಹೇಳಿಕೊಟ್ಟಾರ."

ಕೊಲೆ ನಡೆದ ಹೋಟೆಲಿನ ಬಾಬುಲಾಲ ತಾನು ಆ ಹೊತ್ತಿಗೆ ಭಜಿ ಕರಿಯುತ್ತಿದ್ದೆ, ಬೆನ್ನು ರಸ್ತೆಯ ಕಡೆಗಿತ್ತು ಅಂದ. ಅಲ್ಲಿದ್ದ ಉಳಿದವರು ಸದ್ದು ಕೇಳಿದ್ದೇವೆ, ಕಣ್ಣಿಂದ ಕಂಡಿಲ್ಲ ಅಂದರು. ಉಳಿದವನು ಅಮಿತನೊಬ್ಬನೇ. ಕಳೆದ ಶ್ರಾವಣದಲ್ಲಿ ಗುರಲಿಂಗಪ್ಪ ಮಾಮಾ ಬಿಡುಗಡೆಯಾಗಿ ಊರಿಗೆ ಬಂದರು. ನೋಡಿ, ಈಗಲೂ, ಯಾರೂ ಕೇಳದ ಈ ಮನಸ್ಸಿನೊಳಗೂ, 'ಬಂದರು' ಎಂದೇ ಬರುತ್ತದೆ.

ಈ 'ರು'ವನ್ನು ಅವನ ನಾಲಿಗೆಗೆ ಹಚ್ಚಿದವನು ಅಣ್ಣನೇ. ಚಂದ್ರಾಮ ಅವನಿಗಿಂತ ಎಂಟು ವರ್ಷಕ್ಕೆ ದೊಡ್ಡವ. ಅಪ್ಪ ಸತ್ತ ಮೇಲೆ ಅಪ್ಪನೂ ಅವನೇ. ಅಮಿತ ಇನ್ನೂ ಚಡ್ಡಿ ಹಾಕುವ ಕಾಲಕ್ಕೆ ಒಮ್ಮೆ ಓಣಿಯಲ್ಲಿ ಆಡುತ್ತ, ಗುರಲಿಂಗ್ಯಾ ಬಂದ, ಗುರಲಿಂಗ್ಯಾ ಬಂದ ಎಂದು ಕೂಗಿದ್ದ. ಹುಡುಗರೆಲ್ಲ ಕೂಗುತ್ತಿದ್ದರು. ಆದರೆ ಪೆಟ್ಟು ಬಿದ್ದದ್ದು ಅವನೊಬ್ಬನಿಗೆ. ಅಣ್ಣ ಮನೆಯೊಳಗೆ ಎಳೆದು ತಂದು ಕಪಾಳಕ್ಕೆ ಬಾರಿಸಿ, "ದೊಡ್ಡಾವ್ರಿಗಿ ರಿ ಹಚ್ಚಬೇಕು. ತಂದಿ ಇಲ್ಲದ ಮಕ್ಕಳು ಹಿಂಗ ಅಂತ ಮಂದಿ ಅನ್ನಬಾರದು," ಅಂದಿದ್ದ. ಆ ಏಟಿನ ಬಿಸಿ ಇನ್ನೂ ಕೆನ್ನೆಯಲ್ಲಿದೆ ಎಂದು ಅಮಿತನಿಗೆ ಎಷ್ಟೋ ಸಲ ಅನಿಸಿದೆ. ಹಾಗೆ ಕಲಿಸಿದ ಅಣ್ಣ ದೊಡ್ಡವನಾದ ಮೇಲೆ ತಾನೇ ಯಾರಿಗೂ ರಿ ಹಚ್ಚಲಿಲ್ಲ. ಹೊಲದ ಒಡ್ಡಿನ ಮೇಲಿನ ಬೇವಿನ ಗಿಡ ಯಾರದು ಎಂಬ ಜಗಳದಲ್ಲಿ, ಎಲ್ಲರೂ ನೋಡುತ್ತಿರುವಾಗ, ಅದೇ ಗುರಲಿಂಗಪ್ಪ ಮಾಮಾರಿಗೆ "ಏನ ಕಿತ್ಕೋತಿಲೇ" ಅಂದ. ಗಿಡವನ್ನು ಬುಡಕ್ಕೇ ಕಡಿದು ಹಾಕಿದ. ಅಂಗಿ ಎತ್ತಿ ಪಿಸ್ತೂಲಿನ ಹಿಡಿಕೆ ತೋರಿಸಿದ. ಭೀಮಾ ದಂಡೆಯ ಯಾರಿಂದಲೋ ತಂದಿದ್ದನಂತೆ. ಅಣ್ಣ ಒಳ್ಳೆಯವನಾಗಿದ್ದ ಎಂದು ಅಳುವುದು ಅವ್ವನಿಗೆ ಸಾಧ್ಯ. ಅಮಿತ ಅಳುವಾಗಲೆಲ್ಲ ನಡುವೆ ಈ ಹಿಡಿಕೆ ಬರುತ್ತದೆ; ಅಳು ಅರ್ಧಕ್ಕೆ ನಿಲ್ಲುತ್ತದೆ; ನಿಂತದ್ದಕ್ಕೆ ಮತ್ತೆ ನಾಚಿಕೆಯಾಗುತ್ತದೆ.

ಅಣ್ಣ ಇದ್ದಾಗ ಅವನನ್ನು 'ಕವಿಗಳು' ಎಂದು ಚೇಷ್ಟೆ ಮಾಡುತ್ತಿದ್ದ. ಅಮಿತನ ತಲೆಯಲ್ಲಿ ಸಾಲುಗಳು ತಾವಾಗಿ ಕೂಡುತ್ತವೆ. ಅವನು ಬರೆದಿಡುವುದಿಲ್ಲ, ಬಂದಷ್ಟೇ ಬೇಗ ಹೋಗಲಿ ಎಂದು ಬಿಡುತ್ತಾನೆ. ಮೈ ಒರೆಸಿಕೊಂಡು ಹೊಸ ಅಂಗಿ ಹಾಕಿಕೊಳ್ಳುವಾಗ ಅಂಥವು ಬಂದವು:

ಅಣ್ಣಾ, ನಿನ್ನ ಅಂಗಿಯ ಬೆನ್ನಿಗೆ
ಒಂದು ತೂತು.
ಅವ್ವ ಅದಕ್ಕೆ ತೇಪೆ ಹಚ್ಚಲಿಲ್ಲ,
ಎಸೆಯಲೂ ಇಲ್ಲ.
ನನ್ನನ್ನೂ ಹಾಗೇ ಇಟ್ಟಿದ್ದಾಳೆ.

ಕೊನೆಯ ಸಾಲು ಬಂದದ್ದೇ ಅವನಿಗೆ ಭಯವಾಯಿತು. ಅವ್ವ ಕೇಳಿಸಿಕೊಂಡಳೇನೋ ಎಂದು ತಿರುಗಿ ನೋಡಿದ. ಅವಳು ಪಡಸಾಲೆಯ ಮೂಲೆಯಲ್ಲಿ ನಿಂತು ಅವನ ಹೊಸ ಅಂಗಿಯನ್ನೇ ನೋಡುತ್ತಿದ್ದಳು. "ಸಡ್ಲ ಐತಿ, ಚಲೋ ಆತು," ಅಂದಳು. ಎರಡಳತೆ ದೊಡ್ಡ ಅಂಗಿಯನ್ನು ಅವಳು ಯಾಕೆ ಕೊಡಿಸಿದ್ದಳು ಎಂಬುದು ಆಗ ಹೊಳೆಯಿತು. ಒಳಗೆ ಸಿಕ್ಕಿಸಿದ್ದು ಹೊರಗೆ ಕಾಣಬಾರದು. ಏನೂ ತಿನ್ನದೆ ಹೊರಬಿದ್ದ.

ಬಸ್ ನಿಲ್ಲುವ ಜಾಗದಲ್ಲಿ ಬಾಬುಲಾಲನ ಹೋಟೆಲು. ಅದರ ಮುಂದೆಯೇ ಹಾಯಬೇಕು, ಬೇರೆ ದಾರಿಯಿಲ್ಲ. ದಿನಾ ಹಾಯುತ್ತಾನೆ, ದಿನಾ ತಲೆ ತಗ್ಗಿಸುತ್ತಾನೆ. "ಬರ್ರಿ ಅಮಿತರಾಯರ," ಎಂದು ಕೂಗಿದ ಬಾಬುಲಾಲ, ಎಣ್ಣೆಯಲ್ಲಿ ಜಾಲರಿ ಸೌಟು ಆಡಿಸುತ್ತ. "ಚಹಾ ಕುಡದ್ರು ಅನ್ಬೇಕೋ, ಕುಡದ ಅನ್ಬೇಕೋ ನಿಮಗ? ಹಬ್ಬದ ದಿನ ತಪ್ಪು ಆಗಬಾರದು ನೋಡ್ರಿ." ಬೆಂಚಿನ ಮೇಲಿದ್ದವರು ಚುನಮರಿ ಬಾಯಲ್ಲಿಟ್ಟುಕೊಂಡೇ ನಕ್ಕರು. ಶ್ರಾವಣದಿಂದೀಚೆಗೆ ಊರಿಗೆ ಇದೊಂದು ಆಟ. ಅವನ ಕಣ್ಣು ಬೆಂಚಿನ ತುದಿಗೆ ಹೋಯಿತು. ಹೋಗಬೇಡ ಎಂದರೂ ಹೋಗುತ್ತದೆ. ಅವತ್ತು ಅವನು ಕೂತದ್ದು ಅಲ್ಲಿ, ರಸ್ತೆಯ ಕಡೆಯ ತುದಿಯಲ್ಲಿ. ಅಣ್ಣ ಒಳಗಡೆ, ಅವನ ಮಗ್ಗುಲಿಗೆ. ಗುರಲಿಂಗಪ್ಪ ಮಾಮಾ ಹೆಗಲ ಮೇಲೆ ಟಾವೆಲ್ಲು ಹಾಕಿಕೊಂಡು ರಸ್ತೆ ದಾಟಿ ಬರುತ್ತಿದ್ದರು. ಜಗಳವಾಗಿ ಎರಡು ದಿನವಾಗಿತ್ತು, ಅದು ಅಮಿತನಿಗೆ ಗೊತ್ತಿತ್ತು. ಆದರೂ ಕೈಯಲ್ಲಿನ ಬಟ್ಟಲು ಕೆಳಗಿಟ್ಟು ಎದ್ದು ನಿಂತ. ಬರ್ರಿ ಮಾಮಾ, ಕೂಡ್ರಿ, ಅಂದ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಚಂದ್ರಾಮ ಮಾತ್ರ ಏಳಲಿಲ್ಲ. ಬಂದವರ ಕಡೆ ಬೇಕೆಂತಲೇ ಬೆನ್ನು ಮಾಡಿ ಕೂತ. ಆ ಬೆನ್ನಿಗೂ ಆ ಟಾವೆಲ್ಲಿಗೂ ನಡುವೆ ಅಮಿತ ಇರಬೇಕಾಗಿತ್ತು, ಅವನು ಅಲ್ಲಿರಲಿಲ್ಲ. ಈ ಸಂಗತಿ ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ, ಅವ್ವನಿಗೆ ಅವನು ಹೇಳಿಲ್ಲ.

ನಾನು ಎದ್ದು ನಿಂತೆ.
ದೊಡ್ಡವರು ಬಂದರೆ ಏಳಬೇಕು,
ನೀನೇ ಕಲಿಸಿದ್ದು.
ನೀನು ಏಳಲಿಲ್ಲ.

ಜುಲ್ಫಿಕರನ ಸೈಕಲ್ ಅಂಗಡಿ ಮುಚ್ಚಿತ್ತು. ಅವನು ಹಿಂದಿನ ಅಂಗಳದಲ್ಲಿ ತನ್ನದೇ ಸೈಕಲ್ಲಿಗೆ ಹೂವು ಕಟ್ಟುತ್ತಿದ್ದ. ಖಂಡೆಪೂಜೆಯನ್ನು ಅವನೂ ಬಿಡುವುದಿಲ್ಲ, ಪಾನ, ಪಕ್ಕಡ ಎಂದು ರಿಪೇರಿ ಸಾಮಾನುಗಳಿಗೆಲ್ಲ ಊದುಬತ್ತಿ ತೋರಿಸುತ್ತಾನೆ. ಒಂದನೇ ಇಯತ್ತೆಯಿಂದ ಅಮಿತನ ಜೊತೆ ಓದಿ ಹತ್ತನೆಯದಕ್ಕೆ ಬಿಟ್ಟವನು. ಅಮಿತ ಅಂಗಿಯ ಮುಂಭಾಗವನ್ನು ಸುಮ್ಮನೆ ಎರಡು ಸಲ ಎಳೆದುಕೊಂಡ. ಒಳಗೆ ಏನೂ ಇರಲಿಲ್ಲ ಇನ್ನೂ. ಆದರೂ ಕೈ ಈಗಾಗಲೇ ಅದನ್ನು ಮುಚ್ಚತೊಡಗಿತ್ತು. ಜುಲ್ಫಿಕರ ಹೂವು ಕೆಳಗಿಟ್ಟ.

"ಸಂಜಿಕ?" ಅಂದ.

"ಹೂಂ."

"ನಿಮ್ಮವ್ವ ಹೇಳಿದ್ಳೇನು?"

"ಹೇಳಿಲ್ಲ. ಪೂಜಿ ಮಾಡ್ಯಾಳ."

ಜುಲ್ಫಿಕರ ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಂಡ. ಆಮೇಲೆ, "ಒಂದ್ ಮಾತು ಹೇಳ್ಲೇನು, ಸಿಟ್ಟಿಗೇಳಬ್ಯಾಡ," ಅಂದ. "ನಾಳಿ ನನ್ನನ್ನ ಸಾಕ್ಷಿ ಕರೀತಾರ. ಬಾಬುಲಾಲನ್ನೂ ಕರೀತಾರ. ಅಮಿತ ಹೊಡದ ಅಂತೀವಿ ಎಲ್ಲಾರೂ. ಹೊಡದ್ರು ಅಂತ ಒಬ್ಬಾಂವರ ಅಂತಾನೇನು? ನಿನಗ ರಿ ಹಚ್ಚಾಂವ ಯಾರದಾನಪಾ ಈ ಊರಾಗ?" ನಗಿಸಬೇಕೆಂದೇ ಹೇಳಿದ್ದನೇನೋ. ಅವನ ಕಣ್ಣು ಮಾತ್ರ ತುಂಬಿದ್ದವು. "ಬ್ಯಾಡೋ ಅಮ್ಯಾ. ನಾಳಿ ಬೆಳಗಾದ್ರ ವಿಜಾಪುರಕ್ಕ ಹೋಗೂನು, ಅಲ್ಲೆ ನಮ್ಮ ಕಾಕಾ ಇಬ್ರಾಹಿಂಸಾಬರ ಹಂತೇಕ ಕೆಲಸ ಐತಿ." ಅಮಿತನಿಗೆ ಅವನ ಕೈ ಹಿಡಿದುಕೊಳ್ಳಬೇಕು ಅನಿಸಿತು. ಹಿಡಿಯಲಿಲ್ಲ. ಹಿಡಿದರೆ ಬಿಡಲಾಗುವುದಿಲ್ಲ ಎಂದು ಅಂಜಿದ.

ಮಧ್ಯಾಹ್ನ ಮನೆಗೆ ಬಂದಾಗ ಪೂಜೆಯ ಸಾಮಾನು ಎತ್ತಿಟ್ಟಾಗಿತ್ತು. ಹಾಸಿಗೆಯ ಮೇಲೆ ಅವನ ಕರವಸ್ತ್ರದ ಪಕ್ಕದಲ್ಲಿ ಅದಿತ್ತು, ಕಾಲೇಜಿಗೆ ಹೊರಡುವಾಗ ಅವ್ವ ಬುತ್ತಿ ಇಡುವ ಜಾಗದಲ್ಲಿ. ಕುಂಕುಮ ಒರೆಸಿರಲಿಲ್ಲ. ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಕಬ್ಬಿಣ ತಣ್ಣಗಿತ್ತು, ನಾಲ್ಕು ಹೆಜ್ಜೆ ನಡೆಯುವುದರೊಳಗೆ ಮೈಯಷ್ಟೇ ಬೆಚ್ಚಗಾಗಿ, ಇರುವುದೇ ಮರೆತುಹೋಗುವಂತಾಯಿತು. ಅದೇ ಅವನಿಗೆ ಹೆಚ್ಚು ಅಂಜಿಕೆ ಹುಟ್ಟಿಸಿತು. ಅವ್ವ ಬಾಗಿಲವರೆಗೆ ಬಂದು, ಕೂದಲಿಗೆ ಎಣ್ಣೆ ಸಾಲದೆಂದು ಅಂಗೈಗೆ ಸವರಿಕೊಂಡಿದ್ದನ್ನು ಅವನ ತಲೆಗೆ ಒರೆಸಿದಳು. ಎಷ್ಟೋ ದಿನಗಳ ಮೇಲೆ ಅವಳು ಅವನನ್ನು ಮುಟ್ಟಿದ್ದಳು. "ಲಗೂನ ಬಾ," ಅಂದಳು. ಎಲ್ಲಿಂದ ಬರುವುದು, ಬಂದೇನೇ, ಅವಳು ಯೋಚಿಸಿದ್ದಾಳೆಯೇ? ಎರಡನೇ ಮಗನೂ ಜೇಲಿಗೆ ಹೋದರೆ ಈ ಮನೆಯಲ್ಲಿ ಯಾರಿಗಾಗಿ ಒಲೆ ಹಚ್ಚುತ್ತಾಳೆ? ಕೇಳಲು ಬಾಯಿ ತೆರೆದರೆ ಬಂದದ್ದು, "ಹೋಗಿ ಬರ್ತೇನಿ ಅವ್ವಾ," ಎಂಬ ಎಂದಿನ ಮಾತೇ.

ಬನ್ನಿಗಿಡದ ಹತ್ತಿರ ಜನ ಜಾತ್ರೆಯಂತೆ ನೆರೆದಿರಲಿಲ್ಲ, ಆದರೆ ಊರ ಗಂಡಸರೆಲ್ಲ ಇದ್ದರು. ಎಲೆಗೆ ಕೈ ಹಾಕುವಾಗ ಎಲ್ಲರೂ ಒಬ್ಬರ ಮೈಮೇಲೊಬ್ಬರು ಬೀಳುತ್ತಿದ್ದರು. ಅಮಿತ ಹೊಟ್ಟೆ ಒಳಗೆಳೆದುಕೊಂಡು ಎಲ್ಲರ ಹಿಂದೆ ನಿಂತ. ಯಾರಾದರೂ ತಬ್ಬಿಕೊಂಡರೆ? ಹಬ್ಬದ ದಿನ, ಯಾರು ಬೇಕಾದರೂ ತಬ್ಬಿಕೊಳ್ಳಬಹುದು. ಯಾರೂ ತಬ್ಬಿಕೊಳ್ಳಲಿಲ್ಲ. ಒಂದು ಮುಷ್ಟಿ ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಒಬ್ಬನೇ ಊರ ಕಡೆ ನಡೆದ. ದಾರಿಯುದ್ದಕ್ಕೂ ಪಾಠ ಒಪ್ಪಿಸುವವನ ಹಾಗೆ ಹೇಳಿಕೊಂಡ: ನಾನು ಹೊಡೆದೆನು, ನೀನು ಹೊಡೆದೆ, ಅವನು ಹೊಡೆದನು. ಮೊದಲನೆಯದನ್ನು ಹೇಳುವಾಗ ಕಾಲು ತೊಡರಿತು. ಮೂರು ಪುರುಷಗಳಲ್ಲಿ ಯಾವುದನ್ನು ಹೇಳಿದರೂ ಸತ್ತವನು ಎದ್ದು ಬರುವುದಿಲ್ಲ, ವ್ಯಾಕರಣ ಅಷ್ಟನ್ನು ಮಾತ್ರ ಹೇಳುವುದಿಲ್ಲ. ಹೊತ್ತು ಇನ್ನೂ ಮುಳುಗಿರಲಿಲ್ಲ.

ಗುರಲಿಂಗಪ್ಪ ಮಾಮಾರ ಮನೆಯ ಮುಂದೆ ಬನ್ನಿ ಕೊಡಲು ಬಂದವರು ಏಳೆಂಟು ಮಂದಿ. ಮಾಮಾ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಅವರನ್ನು ಇಷ್ಟು ಹತ್ತಿರದಿಂದ ಅಮಿತ ಕೋರ್ಟಿನ ನಂತರ ನೋಡಿರಲಿಲ್ಲ. ಹೊಸ ಧೋತರದೊಳಗೆ ಮೈಯೇ ಇಲ್ಲವೇನೋ ಅನ್ನುವಷ್ಟು ಇಳಿದಿದ್ದರು. ಕುತ್ತಿಗೆಯ ಚರ್ಮ ಜೋಲುಬಿದ್ದಿತ್ತು. ಅವರ ಹೆಂಡತಿ ಸುವರ್ಣಾ ತಾಟಿನಲ್ಲಿ ಸಕ್ಕರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಮಿತ ಓಣಿಯ ತಿರುವಿನಲ್ಲಿ ಕಂಡದ್ದೇ ನಿಂತಿದ್ದವರು ಯಾರೂ ಹೇಳದಿದ್ದರೂ ಎರಡು ಪಾಲಾಗಿ ಸರಿದರು. ತನಗೆ ದಾರಿ ಬಿಡುತ್ತಿದ್ದಾರೆ ಎಂದು ತಿಳಿದಾಗ ಅವನ ಕಿವಿಯಲ್ಲಿ ರಕ್ತ ಗುಂಯ್‌ಗುಟ್ಟಿತು. ಕಟ್ಟೆಯ ಮುಂದೆ ಹೋಗಿ ನಿಂತ. ಮಾಮಾ ಅವನ ಮುಖ ನೋಡಿದರು, ಆಮೇಲೆ ಅಂಗಿ ನೋಡಿದರು, ಸಡಿಲ ಅಂಗಿಯ ಮುಂಭಾಗದಲ್ಲಿ ಅವರ ಕಣ್ಣು ಒಂದು ಕ್ಷಣ ನಿಂತಿತು. ಏನೂ ಕಾಣದವರಂತೆ ಕೈಚಾಚಿ ಬನ್ನಿ ಎಲೆ ನೀಡಿದರು.

"ಬಾರೋ ತಮ್ಮಾ. ತಗೋ. ನಾವೂ ನೀವೂ ಬಂಗಾರದಂಗ ಇರೂನು."

ಅವನ ಬಲಗೈ ಮುಂದೆ ಹೋಗಿ ಅದನ್ನು ಇಸಿದುಕೊಂಡಿತು. ಹಿರಿಯರು ಕೊಟ್ಟದ್ದನ್ನು ಇಸಿದುಕೊಳ್ಳುವ ಕೈ, ಅವನನ್ನು ಕೇಳಲಿಲ್ಲ. ಆಮೇಲೆ ಆದದ್ದು ಅದಕ್ಕಿಂತ ಕೆಟ್ಟದ್ದು. ಅವನ ಸೊಂಟ ಬಾಗಿತು, ಎಡಗೈ ಆ ಮನುಷ್ಯನ ಪಾದದ ಕಡೆಗೆ ಇಳಿಯತೊಡಗಿತು. ಅಣ್ಣನನ್ನು ಕೊಂದವರ ಕಾಲು ಮುಟ್ಟಲು ತಾನು ಬಗ್ಗುತ್ತಿದ್ದೇನೆ ಎಂಬುದು ಅವನಿಗೆ ಅರ್ಧ ಬಗ್ಗಿದ ಮೇಲೆ ಗೊತ್ತಾಯಿತು. ಪಿಸ್ತೂಲಿನ ನಳಿಗೆ ಕೆಳಹೊಟ್ಟೆಗೆ ಚುಚ್ಚಿ ನೋವಾದದ್ದರಿಂದಲೇ ಗೊತ್ತಾಯಿತು. ಅಲ್ಲೇ ತಡೆದ. ಬೆನ್ನು ನೆಟ್ಟಗಾಗಲು ಬಹಳ ಹೊತ್ತು ಹಿಡಿದಂತೆ ಅನಿಸಿತು. ಯಾರೋ ಹಿಂದಿನಿಂದ ಉಸಿರೆಳೆದುಕೊಂಡರು. ನಾಚಿಕೆಯಿಂದ ಅವನ ಕಣ್ಣು ಉರಿಯುತ್ತಿದ್ದವು. ಸಿಟ್ಟೂ ಅಲ್ಲ, ದುಃಖವೂ ಅಲ್ಲ, ಬರೀ ನಾಚಿಕೆ. ಆ ನಾಚಿಕೆಯೇ ಬಾಯಿ ತೆರೆಸಿತು.

"ನೀ ಹೊಡದಿ."

ದನಿ ಸಣ್ಣಗಿತ್ತು. ತನ್ನದೇ ಹೌದೋ ಅಲ್ಲವೋ ಎಂದು ಅನುಮಾನವಾಯಿತು. ಮತ್ತೆ ಹೇಳಿದ, ಈ ಸಲ ಓಣಿಯ ಆ ತುದಿಗೂ ಕೇಳುವ ಹಾಗೆ: "ನಮ್ಮಣ್ಣಗ ನೀ ಹೊಡದಿ. ನೀ ಒಬ್ಬಾವನ ಹೊಡದಿ. ಮತ್ಯಾರೂ ಅಲ್ಲ, ನೀ."

ಗುರಲಿಂಗಪ್ಪ ಅವನನ್ನು ನೋಡುತ್ತಲೇ ಇದ್ದ. ಮುಖದ ಮೇಲೆ ಏನೋ ಬಿಚ್ಚಿಕೊಂಡ ಹಾಗಾಯಿತು. ಅಂಜಿಕೆ ಎಂದು ಅಮಿತ ತಿಳಿದದ್ದು ಅಂಜಿಕೆಯಾಗಿರಲಿಲ್ಲ. ಎಷ್ಟೋ ಕಾಲದಿಂದ ನಿಂತೇ ಇದ್ದವನಿಗೆ ಯಾರೋ ಕೂಡು ಅಂದಂತೆ ಅವನ ಹೆಗಲು ಇಳಿದವು.

"ಹೌದೋ ತಮ್ಮಾ," ಅಂದ. "ನಾನ ಹೊಡದ್ನಿ." ಕೆಮ್ಮು ಬಂತು, ಮುಗಿಯುವವರೆಗೆ ಯಾರೂ ಅಲುಗಾಡಲಿಲ್ಲ. "ಇಷ್ಟ ಅವತ್ತ ಕೋರ್ಟಿನ್ಯಾಗ ಅಂದಿದ್ರ ಆಗ್ತಿತ್ತಲ್ಲೋ. ನಾ ಕಟಕಟ್ಯಾಗ ನಿಂತು ಕಾಯಾಕತ್ತಿದ್ನಿ, ಈಗ ಅಂತಾನ, ಈಗ ಅಂತಾನ ಅಂತ. ನೀ ಮಾಮಾ ಅಂದಿ."

ಈಗ ಎಲ್ಲರೂ ಅಮಿತನ ಕೈ ನೋಡುತ್ತಿದ್ದರು. ಒಪ್ಪಿಕೊಂಡ ಮೇಲೆ ಇನ್ನೇನು ಉಳಿಯಿತು ಎನ್ನುವ ಹಾಗೆ ಕಾಯುತ್ತಿದ್ದರು, ಬಾಬುಲಾಲನ ಬೆಂಚಿನವರು, ಮಾಮಾ ಮಾಮಾ ಎಂದು ಅವನು ಎಣಿಸಿದ ಗಂಡಸರು. ಗುರಲಿಂಗಪ್ಪನ ಹಿಂದೆ ಇದ್ದವರು ಮೆಲ್ಲಗೆ ಬದಿಗೆ ಸರಿದರು. ಸುವರ್ಣಾ ಸರಿಯಲಿಲ್ಲ. ಅಮಿತ ಅಂಗಿಯ ಮೇಲಿಂದ ಹಿಡಿಕೆ ಮುಟ್ಟಿದ. ಇವನನ್ನು ಕೊಲ್ಲುವುದು ತನಗೆ ಬೇಕಾಗಿಯೇ ಇಲ್ಲ ಎಂಬುದು ಆಗ ನೀರಿನಷ್ಟು ಸ್ಪಷ್ಟವಾಯಿತು. ತನಗೆ ಬೇಕಾಗಿದ್ದದ್ದು ಆ ಕೋರ್ಟಿನ ಸೆಕೆಯ ಮಧ್ಯಾಹ್ನ, ಪೆನ್ನು ಎತ್ತಿ ಹಿಡಿದ ಆ ನ್ಯಾಯಾಧೀಶರು, ಮತ್ತು ಈ ಒಂದು ಮಾತು. ಮಾತು ಈಗ ಬಂದಿದೆ. ಅದನ್ನು ಬರೆದುಕೊಳ್ಳಲು ಯಾರೂ ಇಲ್ಲ. ಇದರ ದುಃಖ ಎಷ್ಟು ದೊಡ್ಡದೆಂದರೆ ಅದರೊಳಗೆ ಗುರಲಿಂಗಪ್ಪನೂ ಒಂದು ಮೂಲೆಯಲ್ಲಿ ಹಿಡಿಸುವಂತಿದ್ದ. ಅವನು ತಿರುಗಿದ. ಬೆನ್ನು ಕೊಟ್ಟು ನಡೆಯತೊಡಗಿದ. ಬೆನ್ನಿನ ನಡುಮಧ್ಯೆ ಒಂದು ಬಿಲ್ಲೆಯಷ್ಟು ಜಾಗ ಓಣಿ ದಾಟುವವರೆಗೂ ಜುಮುಗುಡುತ್ತಿತ್ತು. ಏನೂ ಆಗಲಿಲ್ಲ. ಯಾರದೋ ಮನೆಯಲ್ಲಿ ರೇಡಿಯೋ ಹಚ್ಚಿದರು.

ಅವ್ವ ಹೊಸ್ತಿಲಲ್ಲೇ ನಿಂತಿದ್ದಳು. ಅವನು ಹೋದಾಗಿನಿಂದ ಅಲ್ಲಿಂದ ಕದಲಿರಲಿಕ್ಕಿಲ್ಲ.

"ಸಪ್ಪಳ ಕೇಳ್ಲಿಲ್ಲ," ಅಂದಳು.

"ಅಂದೆ ಅವ್ವಾ," ಎಂದ ಅಮಿತ. ಓಡಿ ಬಂದವನಂತೆ ಏದುಸಿರು ಬರುತ್ತಿತ್ತು. ಹೇಳಬೇಕಾದದ್ದು ಬಹಳ ಇತ್ತು. ಸಣ್ಣವನಿದ್ದಾಗ ಬಹುಮಾನ ಬಂದ ದಿನ ಹೇಳಿದ ಹಾಗೆ ಒಂದರ ಮೇಲೊಂದು ಬಂದವು. "ಎಲ್ಲಾರ ಮುಂದ ಅಂದೆ. ನೀ ಹೊಡದಿ ಅಂದೆ. ಮಾಮಾ ಅನ್ನಲಿಲ್ಲ. ರಿ ಹಚ್ಚಲಿಲ್ಲವ್ವಾ. ಅವ ಹೌದು ಅಂದ. ನಾನ ಹೊಡದ್ನಿ ಅಂತ ಅವನ ಬಾಯಿಂದ ಅಂದ, ಮಂದಿ ಎಲ್ಲಾ ಕೇಳ್ಯಾರ." ಸೊಂಟದಿಂದ ಅದನ್ನು ತೆಗೆದು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. "ನನ್ನ ಕಡಿಂದ ಇದು ಆಗೂದಿಲ್ಲ. ಅವತ್ತ ನಾ ಎದ್ದು ನಿಂತಿದ್ನಿ ಅವ್ವಾ, ಅವನಿಗಿ ಜಾಗಾ ಕೊಟ್ಟಿದ್ನಿ. ನಿನಗ ಹೇಳಿರಲಿಲ್ಲ." ಅದನ್ನೂ ಹೇಳಿಬಿಟ್ಟ. ಅವಳು ಈಗ ಅಳುತ್ತಾಳೆ, ಹೊಡೆಯುತ್ತಾಳೆ, ಆಮೇಲೆ ಹತ್ತಿರ ಎಳೆದುಕೊಳ್ಳುತ್ತಾಳೆ ಎಂದು ಅವನು ಕಾದ. ಹೊಡೆದರೆ ಎಷ್ಟು ಚೆನ್ನಾಗಿತ್ತು.

ಸುಮಿತ್ರಾಬಾಯಿ ಪಿಸ್ತೂಲನ್ನು ಇಸಿದುಕೊಂಡಳು. ಸೆರಗಿನಿಂದ ಅದರ ಮೇಲೆ ಉಳಿದಿದ್ದ ಕುಂಕುಮ ಒರೆಸಿದಳು, ಪೂರ್ತಿ ಹೋಗುವವರೆಗೆ. ಒಳಗೆ ಹೋಗಿ ಎಲ್ಲಿಯೋ ಇಟ್ಟು ಬಂದಳು. ಊಟದ ಗಂಗಾಳ ತೆಗೆದು ತೊಳೆದಳು. ಮಣೆ ಹಾಕಿದಳು. ಅಮಿತ ಇನ್ನೂ ಪಡಸಾಲೆಯ ನಡುವೆ ನಿಂತಿದ್ದ. ಅವಳು ಅವನ ಮುಖ ನೋಡಲಿಲ್ಲ. ಅವನ ಕಾಲ ಬಳಿಯ ನೆಲ ನೋಡುತ್ತ, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ ಹೇಳಿದಳು.

"ಕೈ ತೊಳಕೋರಿ. ಊಟಕ್ಕ ನೀಡ್ತೇನಿ."

ಯಾರು ಬಂದರೆಂದು ಅಮಿತ ಹಿಂತಿರುಗಿ ಬಾಗಿಲ ಕಡೆ ನೋಡಿದ. ಯಾರೂ ಬಂದಿರಲಿಲ್ಲ.